ತಿಳಿಯದೆ ಕೊಟ್ಟ ಸೀರೆ

ಕೊಟ್ಟೂರಿನ ಅರ್ಧ ಮಂದಿ ಹಾಲಸ್ವಾಮಿ ಮೇಷ್ಟ್ರು ಕ್ರೈಸ್ತರಾಗಿದ್ದಾರೆಂದೇ ನಂಬಿದ್ದರು. ಉಳಿದರ್ಧ ಮಂದಿ, ಇನ್ನೂ ಆಗಿಲ್ಲ, ಇವತ್ತೋ ನಾಳೆಯೋ ಆಗುತ್ತಾರೆ ಎನ್ನುತ್ತಿದ್ದರು. ಪಾಪ, ಮೇಷ್ಟ್ರು ವಿಭೂತಿ ಹಚ್ಚಿಕೊಳ್ಳದೆ ಬೆಳಗಿನ ಚಹಾ ಕುಡಿದವರಲ್ಲ. ಆದರೆ ಮಾಡಿದ ಪಿಎಚ್‌ಡಿ ಬೈಬಲ್ ಕಾಲದ ಹೆಂಗಸರ ಆಸ್ತಿ ಹಕ್ಕಿನ ಮೇಲೆ. ಬರೆದ ಕಾದಂಬರಿಗಳಲ್ಲಿ ಒಂದು ಬೈಬಲ್ಲಿನ ಹಾಗರಳದ್ದು, ಇನ್ನೊಂದು ಅದೇ ಬೈಬಲ್ಲಿನ ಲೇಯಾಳದ್ದು. ಹೆಣ್ಣು ಕೊಡಲು ಬಂದವರು ಪುಸ್ತಕದ ಕಪಾಟಿನ ಮೇಲೆ ಕಣ್ಣಾಡಿಸಿ, ಕೊಟ್ಟ ಅವಲಕ್ಕಿ ತಿಂದು, ಹೇಳಿ ಕಳಿಸುತ್ತೇವೆಂದು ಎದ್ದು ಹೋಗುತ್ತಿದ್ದರು. ಹೇಳಿ ಕಳಿಸಿದವರು ಯಾರೂ ಇಲ್ಲ. ನೋಡನೋಡುತ್ತ ಮೇಷ್ಟ್ರಿಗೆ ನಲವತ್ತೈದು ದಾಟಿತು. ಆ ಮನೆಯಲ್ಲಿ ಈಗ ದನಿ ಎತ್ತುವುದೆಂದರೆ ಕುಕ್ಕರ್ ಒಂದೇ.

ಅವರ ಅಕ್ಷರವೋ, ದೇವರಿಗೇ ಪ್ರೀತಿ. ಯಾವ ಡಿಟಿಪಿಯವರೂ ಅದನ್ನು ಓದಲಾರರು. ಅದಕ್ಕೇ ಹಗರಿಬೊಮ್ಮನಹಳ್ಳಿಯ ಸುಮಲತಾಳ ಡಿಟಿಪಿ ಅಂಗಡಿಯಲ್ಲಿ ಬೇರೆಯದೇ ಏರ್ಪಾಡು. ಭಾನುವಾರ ಮೇಷ್ಟ್ರು ರೈಲಿಗೆ ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಾವು ಬರೆದದ್ದನ್ನು ಓದಿ ಹೇಳುವುದು, ಅವಳು ಟೈಪ್ ಮಾಡುವುದು. ಸುಮಲತಾಳ ಗಂಡ ತೀರಿಹೋಗಿ ವರ್ಷಗಳಾಗಿದ್ದವು. ತೆಲಿಗಿಯ ತವರಿನವರು ಎಷ್ಟು ಕರೆದರೂ ಅವಳು ಅತ್ತೆ ಭರಮಮ್ಮನನ್ನು ಬಿಟ್ಟು ಹೋಗಿರಲಿಲ್ಲ.

ಈ ಸಲ ಮೇಷ್ಟ್ರು ಬರೆಯುತ್ತಿದ್ದುದು ರೂತಳ ಕಥೆ. ಗಂಡ ಸತ್ತ ಮೋವಾಬದ ಹುಡುಗಿ, ಅತ್ತೆ ನೊವೊಮಿಯ ಕೈ ಬಿಡದೆ ಅವಳ ಹಿಂದೆ ಪರದೇಶಕ್ಕೆ ಬರುತ್ತಾಳೆ. ಬೋವಜನೆಂಬ ವಯಸ್ಸಾದ ಜಮೀನ್ದಾರನ ಹೊಲದಲ್ಲಿ ಕೊಯ್ಲಾದ ಮೇಲೆ ಬಿದ್ದ ತೆನೆಗಳ ಹಕ್ಕಲು ಆಯ್ದು ಅತ್ತೆಯನ್ನು ಸಾಕುತ್ತಾಳೆ. ಇದನ್ನು ಓದಿ ಹೇಳುವಾಗ ಮೇಷ್ಟ್ರು ನಡುನಡುವೆ ಓದು ನಿಲ್ಲಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಯಾಕೆಂದು ಸುಮಲತಾ ಒಮ್ಮೆಯೂ ಕೇಳಲಿಲ್ಲ. ನೀರಿನ ಬಾಟಲಿಯನ್ನು ಮಾತ್ರ ಅವರ ಕಡೆ ಸರಿಸುತ್ತಿದ್ದಳು.

ಒಂದು ಭಾನುವಾರ ಅವಳ ಬೆರಳು ಕೀಬೋರ್ಡಿನ ಮೇಲೆ ಸುಮ್ಮನೆ ನಿಂತವು.

"ಸರ, ಈ ಬೋವಜ ದಿನಾ ಆಕಿನ್ನ ನೋಡಿಕೋತ ಅದಾನಲ್ಲ, ಬಾಯಿ ಬಿಟ್ಟು ಯಾಕ ಕೇಳವಲ್ಲ?"

"ವಯಸ್ಸಾಗೇತಿ. ಅಂಜ್ತಾನ."

"ಯಾರಿಗೆ?"

"ಆಕಿ ಒಲ್ಲೆ ಅಂದ್ರ ಹೆಂಗ ಅಂತ."

ಅವಳು ಸ್ಕ್ರೀನಿನಿಂದ ಮುಖ ತಿರುಗಿಸಲಿಲ್ಲ. ಕಣ್ಣಷ್ಟೇ ಓರೆಯಾಗಿ ಬಂದು, ಮೇಷ್ಟ್ರ ಕನ್ನಡಕದ ಮೇಲೆ ಒಂದು ಗಳಿಗೆ ಕೂತು, ವಾಪಸ್ಸು ಹೋಯಿತು. "ಹಂಗಾರ ಇನ್ನೊಂದ್ನಾಕು ಪೇಜ್ ಅಂಜಲಿ ಬಿಡ್ರಿ. ನನಗೇನು, ಪೇಜಿನ ಲೆಕ್ಕ," ಎಂದಳು. ಅವತ್ತು ಮೇಷ್ಟ್ರು ವಾಪಸ್ಸು ಬರುವಾಗ ಕೊಟ್ಟೂರು ಬಂದದ್ದೂ ತಿಳಿಯದೆ ಕೂತಿದ್ದರಂತೆ. ಪಕ್ಕದವರು ಎಬ್ಬಿಸಿ ಇಳಿಸಿದರು.

ಟೈಪ್ ಮಾಡಿದ್ದನ್ನು ಅವಳು ಸಂಜೆ ಅತ್ತೆಗೆ ಓದಿ ಹೇಳುತ್ತಿದ್ದಳು. ಭರಮಮ್ಮ ರೂತಳನ್ನು ರೂತವ್ವ ಎನ್ನುತ್ತಿದ್ದಳು, ಓಣಿಯ ಹುಡುಗಿಯೇನೋ ಎಂಬಂತೆ.

ಎಂಥ ಕಥೆಯೂ ಒಂದು ದಿನ ಮುಗಿಯಬೇಕಲ್ಲ. ರೂತಳದ್ದೂ ಬೋವಜನೊಂದಿಗಿನ ಮದುವೆಯಲ್ಲಿ ಮುಗಿಯಿತು. ಇನ್ನು ಭಾನುವಾರ ರೈಲು ಹತ್ತಲು ಮೇಷ್ಟ್ರಿಗೆ ನೆಪವಿರಲಿಲ್ಲ. ಕೊನೆಯ ದಿನ ಅವರು ಪೇಟೆಯಲ್ಲಿ ಒಂದು ಹಸಿರು ಸೀರೆ ಕೊಂಡು, ಇಷ್ಟು ದಿನ ನನ್ನ ಕಾಟ ತಡೆದುಕೊಂಡದ್ದಕ್ಕೆ ಎಂದು ಅವಳ ಮೇಜಿನ ಮೇಲಿಟ್ಟರು. ಕವರು ಬಿಚ್ಚಿ ನೋಡಿದ ಸುಮಲತಾಳ ಮುಖ ಕೆಂಪಗಾಯಿತು. ಇದು ನನಗೇನ್ರಿ ಎಂದು ಮೆಲ್ಲಗೆ ಕೇಳಿದಳು. ಮತ್ತ್ಯಾರಿಗೆ ಎಂದವರೇ ಮೇಷ್ಟ್ರು, ರೈಲಿಗೆ ಹೊತ್ತಾಯಿತೆಂದು ಓಡಿದರು.

ಆಮೇಲೆ ಅವಳಿಂದ ಫೋನಿಲ್ಲ, ಮೆಸೇಜಿಲ್ಲ. ತಾನು ಮಿತಿ ಮೀರಿದೆ, ಅವಳ ಮನಸ್ಸು ನೋಯಿಸಿದೆ ಎಂದು ಮೇಷ್ಟ್ರು ತಮ್ಮಷ್ಟಕ್ಕೇ ತೀರ್ಮಾನಿಸಿದರು. ತಾವೇ ಒಂದು ಫೋನ್ ಮಾಡಬಹುದಿತ್ತಲ್ಲ? ಅಲ್ಲೇ ಬಂತು ನೋಡಿ ತೊಡಕು. ಮೂರು ಸಾವಿರ ವರ್ಷದ ಹಿಂದಿನ ಹೆಂಗಸರ ಮನಸ್ಸಿನೊಳಗೆ ಹೊಕ್ಕು ಬರುವ ಮನುಷ್ಯನಿಗೆ, ಮೊಬೈಲಿನಲ್ಲಿ ಒಂದು ಹೆಸರು ಒತ್ತಲು ಕೈ ಬರಲಿಲ್ಲ. ಭಾನುವಾರಗಳು ಬಂದವು, ಹೋದವು. ರೈಲಿನ ಸದ್ದು ಕೇಳಿದಾಗೆಲ್ಲ ಅವರು ಎದ್ದು ಕಿಟಕಿ ಮುಚ್ಚುತ್ತಿದ್ದರು. ಕಂಡವರ ಬಾಯಿಗೆ ಮಾತು ಕೊಡುತ್ತ ತನ್ನ ಬಾಳೆಲ್ಲ ಮೂಕವಾಯಿತು ಎನಿಸಿ ಒಂದು ಮಧ್ಯಾಹ್ನ ಅತ್ತೂಬಿಟ್ಟರು.

ಅಂಥದೇ ಒಂದು ಭಾನುವಾರ ಬಾಗಿಲಲ್ಲಿ ಮುದುಕಿಯೊಬ್ಬಳು ನಿಂತಿದ್ದಳು. ಸುಮಲತಾನ ಅತ್ತಿ ಎಂದು ತಾನೇ ಹೇಳಿಕೊಂಡು ಒಳಗೆ ಬಂದು, ನೀರು ಕುಡಿದು, ಚೀಲದಿಂದ ಹಸಿರು ಸೀರೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಸೀರಿ ಕೊಟ್ಟು ಹೋದ್ರಿ, ಮಾತಾಡಾಕ ಯಾರೂ ಬರಲಿಲ್ಲ. ಒಳ್ಳೆ ದಿನ ನೋಡ್ತಿರಬೇಕು ಅಂತ ನಾವೂ ಸುಮ್ಮನಿದ್ವಿ."

ಏನು ಮಾತಾಡುವುದಿತ್ತೆಂದು ಮೇಷ್ಟ್ರು ಕೇಳಿದರು. ಭರಮಮ್ಮ ಅವರನ್ನು ಬೆರಗಿನಿಂದ ನೋಡಿದಳು.

"ನಮ್ಮ ಮಂದ್ಯಾಗ ಗಂಡ ಸತ್ತಾಕಿಗೆ ಹೊರಗಿನ ಗಂಡಸು ಸೀರಿ ಕೊಟ್ರ ಉಡಿಕಿ ಕೇಳಿದಂಗ್ರಿ. ನಿನ್ನ ಮದಿವಿ ಆಗ್ತೀನಿ ಅಂದಂಗ. ಜಾತಿ ಬ್ಯಾರೆ ಅಂತ ಮಂದಿ ಅಂತಾರ, ಅನ್ಲಿ. ರೂತವ್ವನೂ ಬ್ಯಾರೆ ಕುಲದಾಕಿ. ಆ ಕತ್ಯಾಗಿನ ಮುದುಕಿ ಸೊಸಿನ್ನ ಬೋವಜನ ಕಡೆ ಕೇಳಾಕ ಕಳಿಸಿದ್ಲು. ನಾ ಕಳಿಸಂಗಿಲ್ಲ, ಅದಕ್ಕ ನಾನ ಬಂದೀನಿ. ನೀವು ಇದು ಗೊತ್ತಿದ್ದು ಕೊಟ್ರೋ, ಗೊತ್ತಿಲ್ದ ಕೊಟ್ರೋ?"

ಗೊತ್ತಿತ್ತು ಎಂದುಬಿಟ್ಟರೆ ಮುಗಿಯಿತು, ಬಾಳು ಹಸನಾಗುತ್ತದೆ. ಆದರೆ ಮೇಷ್ಟ್ರು ಸುಳ್ಳು ಹೇಳಿ ಗೊತ್ತಿದ್ದವರಲ್ಲ. "ಗೊತ್ತಿರಲಿಲ್ಲಮ್ಮ," ಎಂದರು.

ಮುದುಕಿಯ ಮುಖ ಬಾಡಿತು. ನಿಮ್ಮ ತಪ್ಪಲ್ಲ ಬಿಡ್ರಿ ಎಂದು ಸೀರೆಯನ್ನು ಮೇಜಿನ ಮೇಲಿಟ್ಟಳು. ಸುಮಲತಾ ಸ್ಟೇಷನ್ನಿನಲ್ಲೇ ಕೂತಿದ್ದಾಳೆ, ಮನೆಗೆ ಬರಲು ಒಪ್ಪಲಿಲ್ಲ, ಮುಂದಿನ ರೈಲಿಗೆ ಇಬ್ಬರೂ ಹೋಗುತ್ತೇವೆ ಎಂದು ಹೇಳಿ ಹೊರಟಳು.

ಮೇಷ್ಟ್ರು ಸೀರೆಯನ್ನು ನೋಡುತ್ತ ನಿಂತರು. ಇವತ್ತು ಈ ರೈಲು ಹೋದರೆ ಇನ್ನು ಈ ಜನ್ಮಕ್ಕೆ ಇಷ್ಟೇ ಎಂದು ಗೊತ್ತಾಯಿತು. ಸೀರೆ ಎತ್ತಿಕೊಂಡು, ಬಾಗಿಲು ಹಾರುಹೊಡೆದು ಬಿಟ್ಟು ಓಡಿದರು. ದಾರಿಯಲ್ಲಿ ಭರಮಮ್ಮನನ್ನು ಹಿಡಿದು, ನಾನೇ ಮೊದಲು ಹೋಗಿ ಮಾತಾಡಲೇನಮ್ಮ ಎಂದು ಏದುಸಿರಿನಲ್ಲಿ ಕೇಳಿದರು. ಅಲ್ಲಿಯವರೆಗೆ ನೆಟ್ಟಗೆ ನಡೆಯುತ್ತಿದ್ದ ಮುದುಕಿ ಒಂದು ಕಟ್ಟೆ ನೋಡಿ ಕೂತೇಬಿಟ್ಟಳು. "ಹೋಗ್ರಿ. ನನಗ ಮೊಣಕಾಲು ನೋಯ್ತಾವು," ಎಂದಳು.

ಸುಮಲತಾ ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂತಿದ್ದಳು. ಅವರ ಕೈಯಲ್ಲಿನ ಸೀರೆ ನೋಡಿ ಮುಖ ಆಚೆ ತಿರುಗಿಸಿದಳು. ಕಣ್ಣು ಊದಿಕೊಂಡಿದ್ದವು.

"ನೀವು ಸುಮ್ನ ಕೊಟ್ಟಿದ್ರಿ, ಹೌದಲ್ರಿ? ನಾ ದಿನಾ ದಾರಿ ನೋಡಿದೆ."

"ಕೊಟ್ಟಾಗ ಗೊತ್ತಿರಲಿಲ್ಲರಿ. ಈಗ ಗೊತ್ತಾಗೇತಿ." ಮೇಷ್ಟ್ರು ಸೀರೆಯನ್ನು ಮುಂದೆ ಚಾಚಿದರು. "ಗೊತ್ತಾದ ಮ್ಯಾಲೆ ಮತ್ತ ತಂದೀನಿ."

ಅವಳು ಕಾಲ ಬೆರಳಿನಿಂದ ಕಲ್ಲಿನ ಮೇಲೆ ಏನೋ ಗೀರಿದಳು. ಆಮೇಲೆ, ಅತ್ತಿನ್ನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ಲ ಎಂದಳು.

"ಬಿಡಂತ ಯಾರು ಅಂದ್ರು? ಒಬ್ಬನ ಇದ್ದು ಇದ್ದು ನನಗ ಸಾಕಾಗೇತಿ, ಸುಮಲತಾ. ಇಬ್ರೂ ಬರ್ರಿ."

ಆಗ ಅವಳು ಅವರನ್ನು ನೇರವಾಗಿ ನೋಡಿದಳು, ಓರೆಯಾಗಿ ಅಲ್ಲ. ನೋಡುತ್ತಲೇ ಎದ್ದು ನಿಂತು ಸೆರಗೊಡ್ಡಿದಳು. ಮೇಷ್ಟ್ರು ಅದರಲ್ಲಿ ಸೀರೆ ಇಟ್ಟರು.

ಭರಮಮ್ಮ ನಿಧಾನಕ್ಕೆ ಬಂದು, ಸೊಸೆಯ ಮಡಿಲು ನೋಡಿ, ಬೆಂಚಿನ ತುದಿಯಲ್ಲಿ ಕೂತಳು. ಇನ್ನು ನಾನೊಬ್ಬಳೇ ಹೋಗುತ್ತೇನೆ, ನೀನು ಮಾತು ಮುಗಿಸಿಕೊಂಡು ಬಾ ಎಂದು ಟಿಕೆಟ್ಟು ಹುಡುಕತೊಡಗಿದಳು. ಸುಮಲತಾ ಆ ಕೈ ಹಿಡಿದುಕೊಂಡಳು.

"ನಿನ್ನೂ ಕೇಳ್ಯಾರ, ಅತ್ತಿ."

ಮುದುಕಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ರೈಲು ಬಂದು ನಿಂತಿತು. ಮೂವರಲ್ಲಿ ಯಾರೂ ಏಳಲಿಲ್ಲ.