ಪಾವಿಗೆ ಬಂದ ಕೈ

ಗಂಜಿ ಬಿಸಿಯಾಗಿರಲಿಲ್ಲ. ಅದೊಂದು ಅವನ ಪುಣ್ಯ!

ಒಂದು ತಪ್ಪಲೆ ಗಂಜಿ ಎದೆಯ ಮೇಲೆ ಬಿದ್ದಾಗ ವೆಲ್ಲಿಂಗಿರಿ ಬೀದಿಯ ನಡುವೆ ಕಣ್ಣು ಮಿಟುಕಿಸುತ್ತಾ ನಿಂತುಬಿಟ್ಟ. ಜೇಬಿಗೆ ಚುಚ್ಚಿದ್ದ, ಅವನ ಹೆಸರು ಬರೆದ ಕಾಲೇಜಿನ ಸೇವಾ ತಂಡದ ಬ್ಯಾಡ್ಜಿನಿಂದ ಗಂಜಿ ತೊಟ್ಟಿಕ್ಕುತ್ತಿತ್ತು. ಗಿಡಗಳಿಗೆ ನೀರು ಹಾಕಲು ಬಿಂದಿಗೆ ಹಿಡಿದು ಬಂದಿದ್ದ ಅವನ ಗೆಳೆಯರು ಮೆಲ್ಲಗೆ ಹಿಂದೆ ಸರಿದರು.

ಎದುರಿಗೆ ಚಂದ್ರಾ. ಕೈಯಲ್ಲಿ ಖಾಲಿ ತಪ್ಪಲೆ. ಕಾಲ ಬಳಿ ಬೇರು ಸಮೇತ ಕಿತ್ತುಹಾಕಿದ ಹೊಂಗೆ ಗಿಡಗಳ ರಾಶಿ.

“ಎನ್ನಂಗ ಅಮ್ಮಿಣಿ, ಎನ್ನ ಪಣ್ರೀಂಗ?” ಏನು ಮಾಡುತ್ತಿದ್ದೀರಿ ಎಂದು ಅವನು ಗಾಬರಿಯಲ್ಲಿ ತಮಿಳಿನಲ್ಲಿ ಕೇಳಿದ. ತಮಿಳುನಾಡಿನ ಕೊಂಗು ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಅಮ್ಮಿಣಿ ಎನ್ನುತ್ತಾರೆ. ಆದರೆ ಅಕ್ಕರೆ ತೋರಿಸುವ ಹೊತ್ತೇ ಅದು?

“ಇನ್ನೊಂದ್ ಸಲ ಅಮ್ಮಿಣಿ ಅಂದ್ರೆ ತಪ್ಪಲೇಲೇ ಹೊಡೀತೀನಿ! ನಾನ್ ಯಾರಿಗೂ ಅಮ್ಮಿಣಿ ಅಲ್ಲ!”

ಕೋಪ ಬಂದರೆ ಚಂದ್ರಾಗೆ ತಮಿಳು ಮರೆತುಹೋಗುತ್ತದೆ. ಮನೆಮಾತು ಕನ್ನಡವೇ ಬಾಯಿಗೆ ಬರುತ್ತದೆ. ಮತ್ತು ಅವಳಿಗೆ ಕೋಪ ಬರದ ದಿನವೇ ಇಲ್ಲ ಎಂದು ಅವಳ ತಾಯಿ ನಾಚಿಯಮ್ಮನೇ ಹೇಳುತ್ತಿದ್ದಳು.

“ನೀವ್ ಮಾಡಿದ ಸೇವೆ ನೋಡು! ಕಣ್ ಬಿಟ್ಟು ನೋಡು!”

ಅವನು ನೋಡಿದ.

ಅವಿನಾಶಿಯ ಆ ನೇಕಾರ ಬೀದಿಯ ಉದ್ದಕ್ಕೂ ನೂಲು ಹಾಸಿತ್ತು. ಹಾಸಿನ ನೂಲಿಗೆ ಅಲ್ಲಿಯವರು ಪಾವು ಎನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮೊದಲು ಪಾವನ್ನು ನಸುಕಿನಲ್ಲೇ ಬೀದಿಯಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಎರಡೂ ಪಕ್ಕ ಜನ ನಿಂತು, ಕುಂಚದಿಂದ ಗಂಜಿ ಬಳಿಯಬೇಕು. ಬಿಸಿಲು ಏರುವ ಮುಂಚೆ ಕೆಲಸ ಮುಗಿಯಬೇಕು. ಅದಕ್ಕೇ ಆ ಬೀದಿ ಅಷ್ಟು ಅಗಲ, ಅಷ್ಟು ನೇರ, ಅಷ್ಟು ಬೋಳು.

ಆ ಬೋಳು ಬೀದಿಯನ್ನು ಕಂಡು ಕಾಲೇಜಿನ ಹುಡುಗರಿಗೆ ಅಯ್ಯೋ ಪಾಪ ಅನ್ನಿಸಿತ್ತು. ಭಾನುವಾರ ಬಂದು ಎರಡೂ ಬದಿ ಗಿಡ ನೆಟ್ಟು, ಮೇಕೆ ತಿನ್ನದಿರಲಿ ಎಂದು ಪ್ರತಿ ಗಿಡಕ್ಕೂ ಮುಳ್ಳಿನ ಬೇಲಿ ಕಟ್ಟಿ, ಫೋಟೋ ತೆಗೆಸಿಕೊಂಡು ಹೋಗಿದ್ದರು.

ನೂಲಿನ ಪಕ್ಕದಲ್ಲಿ ಮುಳ್ಳು! ಗಾಳಿ ಬೀಸಿದ್ದೇ ತಡ, ಪಾವು ಹೋಗಿ ಮುಳ್ಳಿಗೆ ಸಿಕ್ಕಿತ್ತು. ಈಗ ಬೇಲಿ ಬೇಲಿಗೂ ಕಡಿದ ಎಳೆಗಳು ನೇತಾಡುತ್ತಿದ್ದವು.

“ಇದು...” ವೆಲ್ಲಿಂಗಿರಿ ಕಡಿದ ಒಂದು ಎಳೆಯನ್ನು ಬೆರಳಿಗೆ ತೆಗೆದುಕೊಂಡ. ಈ ಸಲ ಅವನಿಂದ ಹೊರಟದ್ದು ಕನ್ನಡ. “ಇದು ಗೊತ್ತಿರಲಿಲ್ಲ. ಸತ್ಯವಾಗ್ಲೂ...”

ಚಂದ್ರಾ ಬೆಚ್ಚಿದಳು. “ನೀನು ನಮ್ ಜನಾನಾ?”

“ಹೂಂ. ನಮ್ ತಾತ ನೇಯ್ತಿದ್ರು. ಅಪ್ಪ ಪೀಳಮೇಡಲ್ಲಿ ನೂಲಿನ ಅಂಗಡಿ...”

“ಥೂ! ನೇಯೋರ ಮನೇಲಿ ಹುಟ್ಟಿ ಬೀದಿ ಯಾಕಿದೆ ಅಂತ ಗೊತ್ತಿಲ್ವಾ? ಬೇರೆಯವ್ರಾಗಿದ್ರೆ ಅರ್ಧ ತಪ್ಪಲೆ ಸುರೀತಿದ್ದೆ!”

ಅವನಿಗೂ ರೋಷ ಬಂತು. ಎಲ್ಲರ ಮುಂದೆ ಗಂಜಿಯಲ್ಲಿ ಮಿಂದವನಿಗೆ ಬಾರದೆ ಇರುತ್ತದೆಯೇ?

“ನಂದೇ ತಪ್ಪು! ಬೇಲಿ ಕಿತ್ತಿದ್ರೆ ಸಾಕಿತ್ತಲ್ಲ? ಜೀವ ಇರೋ ಸೆಡಿ ಯಾಕ್ ಕಿತ್ತೆ? ಎಂಗೆ ಮನಸ್ಸು ಬಂತು ನಿನಗೆ?”

ಆ ಮಾತು ಅವಳ ಎದೆಗೆ ನಾಟಿತು. ಕಾಲ ಬಳಿ ಬಿದ್ದಿದ್ದ ಗಿಡಗಳನ್ನು ನೋಡಲು ಅವಳಿಗೆ ಆಗಲಿಲ್ಲ. ನೋಡದೆಯೇ ಕಿರುಚಿದಳು.

“ನಮ್ ಮಗ್ಗಕ್ಕೂ ಜೀವ ಇದೆ! ಹೋಗು!”

* * *

ಚಂದ್ರಾಳ ಅಪ್ಪ ಮಾರಪ್ಪನ್ ಹಿಂದಿನ ವರ್ಷ ಸೈಕಲ್ಲಿನಿಂದ ಬಿದ್ದಾಗಿನಿಂದ ಅವನ ಬಲಗೈ ಮೇಲಕ್ಕೆ ಏಳುತ್ತಿರಲಿಲ್ಲ. ಮಗ್ಗಕ್ಕೆ ಕೂರುತ್ತಿದ್ದವಳು ಚಂದ್ರಾ. ಅವಳ ಓರಗೆಯ ಹುಡುಗಿಯರೆಲ್ಲ ಬಸ್ಸು ಹತ್ತಿ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುತ್ತಿದ್ದರು. ಅವಳಿಗೆ ಅದು ಬೇಡ. ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಲಾಳಿ ಎಸೆದರೆ ಸಾಕು, ಅವಳ ಕೋಪವೆಲ್ಲ ಎಲ್ಲಿಗೋ ಹೋಗಿಬಿಡುತ್ತಿತ್ತು.

ಅಂದು ಸಂಜೆ ಮಾರಪ್ಪನ್ ಮಗಳನ್ನು ಕರೆದ. ಮುದ್ದಿಗೆ ಅವಳನ್ನು ‘ಕಣ್ಣು’ ಎನ್ನುತ್ತಿದ್ದ.

“ನೇಕಾರರ ಸೊಸೈಟಿಯೋರ ಕಾಲ್ ಹಿಡ್ದು ಇನ್ನೊಂದ್ ಪಾವಿಗೆ ನೂಲು ಕೇಳಿದೀನಿ, ಕಣ್ಣು. ಪೊಂಗಲ್ ಸೀರೆ. ಇದೂ ಕೆಟ್ರೆ ಮಗ್ಗ ಬಿಚ್ಚಿ ಹಾಕೋದೇ. ನೀನೂ ಬನಿಯನ್ ಕಂಪನಿಗೆ ಹೋಗ್ಬೇಕಾಗುತ್ತೆ.”

ಗಾಯದ ಮೇಲೆ ಬರೆ ಎಳೆದಂತೆ, ಮಾರನೆಯ ದಿನವೇ ಬೀದಿಯ ಯಜಮಾನ ಕಾಳಿಯಪ್ಪನ್ ಬಂದ. ಪವರ್‌ಲೂಮ್ ಹಾಕಿ ದುಡ್ಡು ಮಾಡಿದವನು. ಗಿಡ ನೆಟ್ಟ ದಿನ ಕಾಲೇಜಿನವರು ಹಾರ ಹಾಕಿದ್ದು ಅವನ ಕೊರಳಿಗೇ.

“ನಮ್ಮನ್ನ ನಂಬಿ ಬಂದ ಕಾಲೇಜ್ ಹುಡುಗ್ರ ಮೇಲೆ ಗಂಜಿ ಸುರಿಯೋದಾ? ನಿನ್ ಮಗ್ಳು ಅವ್ರ ಹತ್ರ ಮನ್ನಿಪ್ಪು ಕೇಳೋವರ್ಗೂ ಬೀದಿಯೋರು ಯಾರೂ ನಿನ್ ಪಾವಿಗೆ ಕೈ ಜೋಡಿಸಲ್ಲ, ಮಾರಪ್ಪಾ.”

ಮನೆ ತಣ್ಣಗಾಯಿತು.

ಪಾವಿನ ದಿನ ಕರೆಯದೆಯೇ ನೆರೆಹೊರೆಯವರು ಎದ್ದು ಬರುವುದು ಆ ಬೀದಿಯ ವಾಡಿಕೆ. ಮಗ್ಗ ಬಿಟ್ಟವರೂ ಆ ವಾಡಿಕೆ ಬಿಟ್ಟಿರಲಿಲ್ಲ. ಕೈಗಳಿಲ್ಲದೆ ಪಾವಿಲ್ಲ. ಪಾವಿಲ್ಲದೆ ಮಗ್ಗವಿಲ್ಲ.

‘ಅವನೇ ಹೇಳಿಕೊಟ್ಟಿದ್ದಾನೆ! ಗಂಜಿಯ ಸೇಡು ತೀರಿಸಿಕೊಳ್ತಿದ್ದಾನೆ!’ ಚಂದ್ರಾ ಹಲ್ಲು ಕಡಿದಳು. ಅವನ ಒದ್ದೆ ಅಂಗಿ, ಗಾಬರಿಯ ಕಣ್ಣು ನೆನಪಾದಾಗಲೆಲ್ಲ ಇನ್ನಷ್ಟು ಸಿಟ್ಟು. ಅದು ಅಷ್ಟು ಸಲ ಯಾಕೆ ನೆನಪಾಗಬೇಕು ಎಂದು ಮಾತ್ರ ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ.

* * *

ಅನ್ನೂರಿನ ಸೋದರತ್ತೆ ಮನೆಗೆ ಹೋಗಲು ಅವಳು ಬಸ್ಸಿಗೆ ಕಾಯುತ್ತಿದ್ದ ದಿನ ಅವನು ಎದುರಿಗೇ ಬಂದ.

“ಒಂದ್ ನಿಮಿಷ ಮಾತಾಡ್ಬೇಕು.”

“ಮನ್ನಿಪ್ಪು ಕೇಳಿಸ್ಕೊಳ್ಳೋಕೆ ಬಂದ್ಯಾ? ಸತ್ರೂ ಕೇಳಲ್ಲ!”

“ನಾನು ಅದನ್ನ ಕೇಳೇ ಇಲ್ಲ. ಯಜಮಾನ್ರು ಮಾಡಿದ್ದು ನನಗೆ...”

“ಸಾಕ್ ಮುಚ್ಚು! ನೀನ್ ಹೋಗಿ ಅಳದೇ ಅವ್ರು ನಮ್ಮನೆಗೆ ಬಂದ್ರಾ?”

ಅವನ ಮುಖ ಕೆಂಪಾಯಿತು.

“ಆ ಸೆಡಿ ಎಲ್ಲಿ? ಕಿತ್ತಿದ್ದನ್ನ ಕೊಟ್ಬಿಡು. ಬೇರೆ ಕಡೆ ನೆಡ್ತೀನಿ.”

“ಒಲೆಗೆ ಹಾಕ್ದೆ.”

“ಏನು?”

“ಒಲೆಗೆ! ಗಂಜಿ ಕಾಯ್ಸೋಕೆ!”

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಕೋಪ ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದ್ದದ್ದು ಬೇಸರ.

“ನಿನಗೆ ಮನಸ್ಸು ಅನ್ನೋದೇ ಇಲ್ಲ,” ಎಂದು ಹೇಳಿ ತಿರುಗಿ ನಡೆದುಬಿಟ್ಟ.

ಬಸ್ಸು ಬಂತು. ಕಿಟಕಿಯ ಪಕ್ಕ ಕುಳಿತ ಚಂದ್ರಾಳ ಕಣ್ಣಲ್ಲಿ ನೀರು! ‘ಹಾಳಾದವನು... ಇವನ ಮಾತಿಗೆ ನಾನ್ಯಾಕೆ ಅಳಬೇಕು?’ ಸೆರಗಿನಿಂದ ಕಣ್ಣು ಉಜ್ಜಿಕೊಂಡಳು. ಅನ್ನೂರು ಬರುವವರೆಗೂ ಉಜ್ಜಿಕೊಳ್ಳುತ್ತಲೇ ಇದ್ದಳು.

* * *

ಮಾರ್ಗಳಿ ಎನ್ನುವ ಧನುರ್ಮಾಸದ ಚಳಿ. ಕೋಳಿ ಕೂಗಿದ ಹೊತ್ತು.

ನಾಚಿಯಮ್ಮ ಗಂಜಿ ಕಾಯಿಸಿ ಇಳಿಸಿದ್ದಳು. ಚಂದ್ರಾ ಸೊಸೈಟಿ ಕೊಟ್ಟ ನೂಲಿನ ಹೊಸ ಪಾವಿನ ಸುರುಳಿ ಎತ್ತಿಕೊಂಡು ಬೀದಿಗೆ ಬಂದಳು. ಬಿದಿರಿನ ಕವೆಗಳನ್ನು ಒಬ್ಬಳೇ ನೆಟ್ಟಳು. ಆಮೇಲೆ ನಿಂತು ಕಾದಳು.

ಒಂದು ಬಾಗಿಲೂ ತೆರೆಯಲಿಲ್ಲ.

ಒಳಗೆ ಕೆಮ್ಮು ಕೇಳಿಸುತ್ತಿತ್ತು. ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಎಲ್ಲರೂ ಎದ್ದಿದ್ದಾರೆ... ಆದರೆ ಯಾರೂ ಬರುವುದಿಲ್ಲ.

ಮಾರಪ್ಪನ್ ಎಡಗೈಯಲ್ಲೇ ಒಂದು ತುದಿ ಹಿಡಿದು ಎಳೆಯಲು ನೋಡಿದ. ಪಾವು ನೆಲಕ್ಕೆ ಜೋತುಬಿತ್ತು.

“ಬಿಡು ಕಣ್ಣು,” ಎಂದ ಅವನು. “ಮಡಿಸಿ ಒಳಗಿಡು.”

‘ಮುಗೀತು... ಎಲ್ಲಾ ಮುಗಿದೇ ಹೋಯ್ತು!’ ಚಂದ್ರಾ ತುಟಿ ಕಚ್ಚಿಕೊಂಡು ನೂಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

ಆಗ ಬೀದಿಯ ತುದಿಯಲ್ಲಿ ಚಪ್ಪಲಿಗಳ ಸದ್ದು. ಮಂಕಿ ಕ್ಯಾಪ್, ಮಫ್ಲರ್ ಸುತ್ತಿಕೊಂಡ ಒಂದು ಗುಂಪು. ಮುಂದೆ ವೆಲ್ಲಿಂಗಿರಿ.

ಅವಳು ಚಂಗನೆ ಎದ್ದಳು.

“ತಮಾಷೆ ನೋಡೋಕೆ ಬಂದ್ರಾ? ನೋಡಿ! ಕಣ್ ತುಂಬಾ ನೋಡಿ!”

“ಎಲ್ಲಿ ಹಿಡೀಬೇಕು? ಅದನ್ನ ಹೇಳು,” ಎಂದ ಅವನು.

“ನೀನು ಮುಟ್ಟಿದ ಪಾವು ನನಗೆ ಬೇಡ!”

“ಚಂದ್ರಾ!” ಮಾರಪ್ಪನ್ ಗದರಿದ. ಆಮೇಲೆ ಹುಡುಗನ ಕಡೆ ತಿರುಗಿದ. “ಆ ತುದಿಗೆ ಹೋಗಪ್ಪಾ. ಎಳಿ. ಬಿಡಬೇಡ.”

ಗಂಜಿ ಆರುತ್ತಿತ್ತು. ರೋಷ ಇಟ್ಟುಕೊಂಡು ಕೂರುವ ಹೊತ್ತಲ್ಲ. ಚಂದ್ರಾ ಕುಂಚ ಕೈಗೆತ್ತಿಕೊಂಡಳು. ಇನ್ನು ಕೇಳಬೇಕೇ, ಬೈಗುಳದ ಮಳೆ!

“ಎಳಿ! ಉಂಡಿಲ್ವಾ?... ಕುಂಚ ಅಂಗಲ್ಲ, ಇಂಗೆ!... ಏಯ್, ಮಫ್ಲರ್ ಬಿಚ್ಚು, ನೂಲಿಗೆ ತಾಗುತ್ತೆ!... ವೆಲ್ಲಿಂಗಿರಿ, ನಿದ್ದೇನಾ ಅಲ್ಲಿ?”

ಹೆಸರು ಹಿಡಿದು ಕರೆದುಬಿಟ್ಟಿದ್ದಳು. ಅವನು ಆ ತುದಿಯಿಂದ ತಲೆಯೆತ್ತಿ ನೋಡಿದ. ಅವಳು ಬೇಗ ಬೇರೆ ಕಡೆ ತಿರುಗಿದಳು.

ಕೆಲಸ ಅರ್ಧಕ್ಕೆ ಬಂದಿತ್ತು. ಕಾಳಿಯಪ್ಪನ್ ಶಾಲು ಹೊದ್ದು ಬಂದು ನಿಂತ. ಅವನ ಮುಖ ನೋಡಬೇಕಿತ್ತು!

“ಏನಪ್ಪಾ ಇದು? ನಿಮ್ ಮಾನಕ್ಕೋಸ್ಕರ ತಾನೇ ನಾನು ಇವ್ರಿಗೆ ಬೀದಿಯೋರ ಕೈ ನಿಲ್ಲಿಸಿದ್ದು? ನೀನು ನೋಡಿದ್ರೆ ವಾರ ವಾರ ನಮ್ಮನೆ ಬಾಗ್ಲಿಗೆ ಬಂದು, ‘ಮನ್ನಿಪ್ಪು ಬೇಡ, ತಪ್ಪು ನಮ್ದೇ’ ಅಂದೆ. ನಾನು ಆಗಲ್ಲ ಅಂದಿದ್ದಕ್ಕೆ ಇವತ್ತು ಪಾವು ಅಂತ ಸೊಸೈಟೀಲಿ ಕೇಳ್ಕೊಂಡು ಈಗ ನೀನೇ ಬಂದು ಹಿಡಿದು ನಿಂತಿದೀಯಲ್ಲ!”

ಚಂದ್ರಾಳ ಕೈಯ ಕುಂಚ ನಿಂತಿತು.

ವಾರ ವಾರ... ಅವನು ಹೋಗಿ ನಿಂತಿದ್ದನೇ? ತಾನು ಬಸ್ ಸ್ಟ್ಯಾಂಡಿನಲ್ಲಿ ಅಷ್ಟೆಲ್ಲ ಬೈದ ದಿನವೂ?

“ಊರಿಗೆ ಸೇವೆ ಮಾಡ್ತೀವಿ ಅಂತ ಬಂದೋರು ನಾವು, ಮಾಮಾ,” ವೆಲ್ಲಿಂಗಿರಿ ಹಿಡಿದ ತುದಿ ಬಿಡದೆ ಹೇಳಿದ. “ಊರಿಗೆ ಏನು ಬೇಕು ಅಂತ ಕೇಳಲೇ ಇಲ್ಲ. ಈಗ ಕೇಳಿದೀವಿ. ಸುಮ್ನೆ ನಿಂತು ಹಿಡ್ಕೊಳ್ಳೋದು. ಇಷ್ಟು ಸುಲಭದ್ದು ಮೊದ್ಲೇ ಗೊತ್ತಾಗಲಿಲ್ಲ.”

“ನನ್ ಮಾತಿಗೆ ಮರ್ಯಾದೆ ಇಲ್ವಾ ಈ ಬೀದೀಲಿ?” ಕಾಳಿಯಪ್ಪನ್ ಗುಡುಗಿದ.

ಉತ್ತರ ಬಂದದ್ದು ಎದುರು ಮನೆಯಿಂದ. ಬಾಗಿಲು ತೆರೆಯಿತು. ಮುದುಕಿ ರಾಮಾಯಿ ತನ್ನ ಹಳೆಯ ಕುಂಚ ಹಿಡಿದು ಹೊರಗೆ ಬಂದಳು.

“ಸರಿ, ನಿಮ್ಗೆ ಮರ್ಯಾದೆ ಇದೆ. ಓಗಿ ಮಲಗಿ,” ಎಂದು ಹೇಳಿ ಪಾವಿನ ಪಕ್ಕ ನಿಂತು ಬಳಿಯತೊಡಗಿದಳು. ಅವಳ ಹಿಂದೆ ಪಕ್ಕದ ಮನೆಯ ಬಾಗಿಲೂ ತೆರೆಯಿತು. ಕಾಳಿಯಪ್ಪನ್ ಶಾಲು ಬಿಗಿಮಾಡಿಕೊಂಡು ಮನೆಗೆ ನಡೆದ.

* * *

ಬಿಸಿಲು ಏರುವಷ್ಟರಲ್ಲಿ ಪಾವು ಒಣಗಿ, ಸುರುಳಿಯಾಗಿ, ಒಳಗೆ ಸೇರಿತು. ಮಾರಪ್ಪನ್ ಅದನ್ನು ಎಡಗೈಯಿಂದ ಸವರುತ್ತಾ ಕುಳಿತ. ನಾಚಿಯಮ್ಮ ಹುಡುಗರನ್ನೆಲ್ಲ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟಳು.

ವೆಲ್ಲಿಂಗಿರಿ ಕೈ ತೊಳೆಯಲು ಹಿತ್ತಲಿಗೆ ಹೋದ.

“ಹಿತ್ತಲಿಗಾ? ಬೇಡ, ನೀರು ಇಲ್ಲೇ ತರ್ತೀನಿ!” ಚಂದ್ರಾ ಓಡಿದಳು. ಆದರೆ ತಡವಾಗಿತ್ತು.

ಬಚ್ಚಲ ನೀರು ಹರಿಯುವ ಕಡೆ, ಒಡೆದ ಮಡಕೆಗಳಲ್ಲಿ, ಡಾಲ್ಡಾ ಡಬ್ಬಿಗಳಲ್ಲಿ, ಸಾಲಾಗಿ ಹೊಂಗೆ ಗಿಡಗಳು! ಒಂದೂ ಸತ್ತಿರಲಿಲ್ಲ. ಎಲ್ಲದರಲ್ಲೂ ಹೊಸ ಚಿಗುರು.

ಅವನು ನಿಧಾನವಾಗಿ ತಿರುಗಿದ.

“ಒಲೆಗೆ ಹಾಕ್ದೆ ಅಂದೆ.”

“ಹಾಕ್ಬೇಕು ಅಂತಾನೇ ಇದ್ದೆ...” ಅವಳು ಕಾಲ ಹೆಬ್ಬೆರಳು ನೋಡುತ್ತಾ ಹೇಳಿದಳು. “ಹಸಿ ಕಡ್ಡಿ. ಉರಿಯಲ್ಲ.”

“ಓಹೋ. ಒಣಗ್ಲಿ ಅಂತ ನೀರು ಹಾಕ್ತಿದ್ಯಾ?”

ನಗು ಬಂದುಬಿಟ್ಟಿತು ಅವಳಿಗೆ. ಅದರ ಹಿಂದೆಯೇ ಅಳುವೂ ಬಂತು.

“ಮನಸ್ಸೇ ಇಲ್ಲ ಅಂದೆ ನನ್ನ...”

“ತಪ್ಪಾಯ್ತು.” ಅವನ ದನಿ ಮೆತ್ತಗಾಗಿತ್ತು. “ಇದನ್ನೂ ಕೇಳದೇ ಹೇಳಿಬಿಟ್ಟೆ.”

“ನಾನೂ... ನೀನೇ ಹೇಳಿಕೊಟ್ಟೆ ಅಂತ...” ಮುಂದಿನದು ಬೀದಿಯ ಯಜಮಾನ ಹೆದರಿಸಿದರೂ ಅವಳು ಆಡದಿದ್ದ ಮಾತು. ಕಷ್ಟಪಟ್ಟು ಹೊರಗೆ ತಂದಳು. “ಮನ್ನಿಸ್ಬಿಡು.”

ಹಿತ್ತಲಲ್ಲಿ ಯಾರೂ ಇರಲಿಲ್ಲ. ಒಳಗೆ ಹುಡುಗರ ನಗು ಕೇಳಿಸುತ್ತಿತ್ತು.

“ಇನ್ನು... ಬರಲ್ವಾ?” ಅವಳೇ ಕೇಳಿದಳು. “ಸೇವೆ ಮುಗೀತಲ್ಲ.”

“ಕಾಲೇಜಿಂದು ಮುಗೀತು.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ಚಂದ್ರಾ, ನೀನು ಗಂಜಿ ಸುರಿದ ದಿನದಿಂದ ನನಗೆ ಬೇರೆ ಯೋಚನೆ ಇಲ್ಲ. ಮೊದ್ಲು ಕೋಪ ಅಂದ್ಕೊಂಡೆ. ಕೋಪಕ್ಕೆ ಯಾರಾದ್ರೂ ವಾರ ವಾರ ಬಸ್ ಹತ್ತಿ ಅವಿನಾಶಿಗೆ ಬರ್ತಾರಾ? ನನಗೆ ನೀನು ಬೇಕು. ಮನೇಲಿ ಹೇಳಲಾ?”

ಅವಳ ಎದೆ ಮಗ್ಗದ ಹಾಗೆ ಬಡಿದುಕೊಳ್ಳುತ್ತಿತ್ತು. ಬೇಡ ಎಂದು ಹೇಳಲು ಬಾಯಿ ತೆರೆದಳು. ಹುಟ್ಟಿದಾಗಿನಿಂದ ಮೊದಲ ಸಲ ಅವಳ ಬಾಯಿಗೆ ಬೈಗುಳವೇ ಸಿಗಲಿಲ್ಲ.

“ನಾನ್ ಮಗ್ಗ ಬಿಡಲ್ಲ.”

“ಬಿಡು ಅಂತ ಯಾರಂದ್ರು? ಪಾವು ಹಿಡಿಯೋಕೆ ಕೈ ಬೇಕಲ್ಲ, ಅದಕ್ಕೇ ಬರ್ತೀನಿ.”

“ದಿನಾ ಜಗಳ ಆಡ್ತೀನಿ.”

“ಆಡು.” ಅವನು ನಕ್ಕ. ಆಮೇಲೆ ಭಯಪಟ್ಟವನ ಹಾಗೆ ಕೇಳಿದ, “ಈಗ... ಅಮ್ಮಿಣಿ ಅನ್ನಬಹುದಾ?”

ಅವಳು ಹುಬ್ಬು ಗಂಟಿಕ್ಕಿದಳು. “ಒಳಗೆ ಇನ್ನೂ ಗಂಜಿ ಇದೆ. ಮರೀಬೇಡ.”

“ಸುರಿ,” ಎಂದು ಅವನು ಅಲ್ಲೇ ಕಣ್ಣು ಮುಚ್ಚಿ ನಿಂತ.

ಗೆಜ್ಜೆಯ ಸದ್ದು ಒಳಗೆ ಹೋಯಿತು. ಮರಳಿ ಬಂತು. ಅವನು ಉಸಿರು ಬಿಗಿಹಿಡಿದ. ಮೈಮೇಲೆ ಏನೂ ಬೀಳಲಿಲ್ಲ.

ಕಣ್ಣು ಬಿಟ್ಟ. ಅವಳ ಕೈಯಲ್ಲಿ ಒಂದು ಚೊಂಬು. ಗಂಜಿಗೆ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಸಣ್ಣ ಈರುಳ್ಳಿ ಜಜ್ಜಿ ಹಾಕಿದ್ದಳು.

“ಕುಡಿ. ಕೋಳಿ ಕೂಗೋ ಮುಂಚೆ ಎದ್ದು ಬಂದಿದೀಯ.”

ಅವನು ಒಂದೇ ಗುಟುಕಿಗೆ ಅರ್ಧ ಕುಡಿದು ಅವಳನ್ನು ನೋಡಿದ.

“ಉಪ್ಪು ಜಾಸ್ತಿ, ಅಮ್ಮಿಣಿ.”

“ಮುಚ್ಕೊಂಡ್ ಕುಡಿ,” ಎಂದಳು ಚಂದ್ರಾ. ಕಣ್ಣು ತುಂಬಿತ್ತು, ಮುಖ ತುಂಬಾ ನಗು. “ಬರೋ ಭಾನುವಾರ ನಿಮ್ ಅಮ್ಮನ್ನ ಕರ್ಕೊಂಡ್ ಬಾ. ಸೆಡಿ ಎಲ್ಲಿ ನೆಡ್ಬೇಕು ಅಂತ ಅವ್ರನ್ನೇ ಕೇಳ್ತೀನಿ.”