ಒಂದನೇ ಗೇರಿನ ಬಲ

ಸುಂದರೇಶನ ಪಿಕಪ್ ಗ್ಯಾರೇಜಿನಿಂದ ಹೊರಟು ಒಂದು ಗಂಟೆಯಾದ ಮೇಲೆ ಶಿವಾನಿಗೆ ತನ್ನ ತಪ್ಪು ಕಣ್ಣಿಗೆ ಬಿತ್ತು.

ನರಸಿಂಹರಾಜಪುರದಲ್ಲಿ ಅವಳದ್ದೊಂದು ಸಣ್ಣ ಗ್ಯಾರೇಜು. ಗಾಡಿಗಳಿಗೆ ಲ್ಯಾಪ್‌ಟಾಪ್ ಜೋಡಿಸಿ ಇಂಜಿನ್ ಟ್ಯೂನ್ ಮಾಡುವುದು ಕೆಲಸ. ಏರಿನಲ್ಲಿ ಗಾಡಿ ಎಳೆಯುವುದಿಲ್ಲ ಎಂದು ಸುಂದರೇಶ ಒಂದೇ ತಿಂಗಳಲ್ಲಿ ಮೂರನೇ ಸಲ ಬಂದಿದ್ದ.

"ಇನ್ನೊಂಚೂರು ಟಾರ್ಕ್ ಜಾಸ್ತಿ ಮಾಡಿಕೊಡಿ ಮೇಡಂ."

"ಹೋದ ವಾರ ಮಾಡಿದ್ನಲ್ಲ?"

"ಮಾಡಿದ್ರಿ. ಗಾಡಿಗೆ ಸಮಾಧಾನ ಇಲ್ಲ. ಏನ್ ಮಾಡ್ಲಿ?"

ಅವಳು ತಲೆ ಎತ್ತಿದ್ದಳು. ಅವನು ಸ್ಕ್ರೀನ್ ನೋಡುತ್ತಿರಲಿಲ್ಲ. ಅವಳ ಕೆನ್ನೆಗೆ ಹತ್ತಿದ್ದ ಗ್ರೀಸನ್ನು ನೋಡಿ, ನಗು ಬಾರದಂತೆ ತುಟಿ ಕಚ್ಚಿಕೊಂಡಿದ್ದ. ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತುಬಿಟ್ಟಿದ್ದವು.

ಎಡವಟ್ಟಾದದ್ದು ಅಲ್ಲೇ. ಒಂದನೇ ಗೇರಿನಲ್ಲಿ ಇಂಜಿನ್ ಪೂರ್ತಿ ಟಾರ್ಕ್, ಅಂದರೆ ಎಳೆಯುವ ಬಲ, ಹಾಕಿದರೆ ಕ್ಲಚ್ ತಡೆಯುವುದಿಲ್ಲ; ಸುಟ್ಟು ಏರಿನಲ್ಲಿ ಗಾಡಿ ಕೈಕೊಡುತ್ತದೆ. ಅದಕ್ಕೆಂದೇ ಗಾಡಿಯಲ್ಲಿ ಒಂದು ಮಿತಿ ಇಟ್ಟಿರುತ್ತಾರೆ. ಟೆಸ್ಟ್ ಮಾಡಲೆಂದು ಆ ಮಿತಿಯನ್ನು ತೆಗೆದವಳು ಮತ್ತೆ ಹಾಕಿರಲಿಲ್ಲ. ಅವನು ಪೇಟೆಯಲ್ಲಿ ಮೂವತ್ತು ಮೂಟೆ ಸಿಮೆಂಟ್ ಹೇರಿಕೊಂಡು ಸೀತೂರಿನ ಏರು ಹತ್ತುತ್ತೇನೆ ಎಂದು ಹೇಳಿ ಹೋಗಿದ್ದ.

ಫೋನ್ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಮಾಡಿದಳು. ಅದೇ ಧ್ವನಿ.

ಬಾಗಿಲು ಹಾಕದೆ ಸ್ಕೂಟರ್ ಹತ್ತಿದಳು. ಪ್ರತಿ ತಿರುವಿನಲ್ಲೂ ಮಗುಚಿಬಿದ್ದ ಬಿಳಿ ಪಿಕಪ್ ಒಂದು ಕಂಡಂತಾಗಿ ಆಕ್ಸಿಲರೇಟರನ್ನು ಇನ್ನಷ್ಟು ತಿರುಚುತ್ತಿದ್ದಳು.

ಸೀತೂರಿನ ಏರಿಗೆ ಬಂದಾಗ ಮೊದಲು ಮೂಗಿಗೆ ಬಡಿದದ್ದು ಸುಟ್ಟ ಕ್ಲಚ್ಚಿನ ವಾಸನೆ. ಆಮೇಲೆ ಗಾಡಿ ಕಂಡಿತು. ಅದು ಅಂಗುಲ ಅಂಗುಲವಾಗಿ ಹಿಂದಕ್ಕೆ ಜಾರುತ್ತಿತ್ತು. ಹಿಂದೆ ರಸ್ತೆ ತಿರುಗುತ್ತಿತ್ತು. ತಿರುವಿನಾಚೆ ಬರೀ ಪ್ರಪಾತ.

"ಹತ್ರ ಬರ್ಬೇಡಿ!" ಸುಂದರೇಶ ಕಿಟಕಿಯಿಂದ ಕಿರುಚಿದ. "ಕ್ಲಚ್ ಸುಟ್ಟಿದೆ! ಇಂಜಿನ್ ಆಫ್ ಆಗಿ ಬ್ರೇಕ್ ಕಲ್ಲಾಗಿದೆ, ಎಷ್ಟು ಒತ್ತಿದ್ರೂ ಗಾಡಿ ನಿಲ್ತಿಲ್ಲ! ಹ್ಯಾಂಡ್‌ಬ್ರೇಕೂ ಹಿಡೀತಿಲ್ಲ!"

"ಕಾಲು ತೆಗಿಬೇಡ! ಇಳಿಬೇಡ!"

ರಸ್ತೆ ಬದಿಯ ಕಲ್ಲೊಂದನ್ನು ಎತ್ತಿ ಹಿಂದಿನ ಚಕ್ರಕ್ಕೆ ಕೊಟ್ಟಳು. ಚಕ್ರ ಅದನ್ನು ತಳ್ಳಿಕೊಂಡೇ ಬಂತು. ಅವಳ ಕೈಗೂ ಟೈರಿಗೂ ನಡುವೆ ಒಂದು ಗೇಣು ಉಳಿದಿತ್ತು. ಇನ್ನೊಂದು ದೊಡ್ಡ ಕಲ್ಲು, ಉಸಿರು ಕಟ್ಟಿ, ಎದೆಗೊತ್ತಿ ತಂದು ಅದರ ಹಿಂದೆಯೇ ಒತ್ತಿದಳು. ಮೂಟೆಗಳು ಒಮ್ಮೆ ನರಳಿದವು.

ಗಾಡಿ ನಿಂತಿತು.

ಸುಂದರೇಶ ಇಳಿದ. ಮಣ್ಣಿನ ಮೇಲೆಯೇ ಕುಳಿತು, ಬ್ರೇಕ್ ಒತ್ತಿ ಒತ್ತಿ ಸೋತ ಕಾಲನ್ನು ನೀವಿಕೊಂಡ. ಅವಳೂ ಪಕ್ಕದಲ್ಲಿ ಕುಳಿತಳು.

"ನನ್ನ ತಪ್ಪು," ಎಂದಳು. "ಟಾರ್ಕಿನ ಲಿಮಿಟ್ ವಾಪಸ್ ಹಾಕೋದು ಮರೆತೆ. ಯಾಕೆ ಮರೆತೆ ಅಂತ ಕೇಳ್ಬೇಡ."

ಅವನು ಚಕ್ರದ ಕೆಳಗಿನ ಕಲ್ಲುಗಳನ್ನೇ ನೋಡಿದ. ಬೈಯುತ್ತಾನೆ, ಇನ್ನೆಂದೂ ಬರುವುದಿಲ್ಲ ಎಂದುಕೊಂಡಳು. ಪ್ರಪಾತಕ್ಕಿಂತ ಆ ಯೋಚನೆಯೇ ಹೆಚ್ಚು ಹೆದರಿಸಿತು.

"ನಾನೂ ಒಂದು ಹೇಳ್ಬೇಕು," ಎಂದ. "ಮೊದಲನೇ ಸಲ ನೀವು ರಿಪೇರಿ ಮಾಡಿದ್ಮೇಲೆ ಗಾಡಿಗೆ ಏನೂ ಆಗಿರ್ಲಿಲ್ಲ. ಚೆನ್ನಾಗೇ ಎಳೀತಿತ್ತು."

"ಮತ್ತೆ ಯಾಕೆ ಬಂದೆ?"

"ನಿಮ್ಮನ್ನ ನೋಡೋಕೆ ಬೇರೆ ಕಾರಣ ಸಿಗ್ಲಿಲ್ಲ."

ಶಿವಾನಿಗೆ ನಗು ಬಂತು, ಜೊತೆಗೇ ಅಳುವೂ. ಅವನ ಶರ್ಟಿನ ತೋಳನ್ನು ಮುಷ್ಟಿಯಲ್ಲಿ ಹಿಡಿದಳು. ಸಿಮೆಂಟಿನ ಧೂಳು ಕೈಗೆಲ್ಲ ಮೆತ್ತಿತು.

"ಇನ್ಮೇಲೆ ಸುಮ್ನೆ ಬಾ ಮಾರಾಯ," ಎಂದಳು. "ಕಾರಣ ಬೇಡ. ಜೀವ ಇಟ್ಕೊಂಡು ಬಾ, ಸಾಕು."