ಮಲಕವ್ವನ ಕಣ್ಣು

ಐವತ್ಮೂರನೇ ಇಸವಿ. ಜತ್ತಿನ ಚಿತ್ರಪ್ರದರ್ಶನಕ್ಕೆ ಒಂದೇ ದಿನ ಉಳಿದಿತ್ತು. ತೀರಿಕೊಂಡ ನನ್ನ ಹೆಂಡತಿ ಮಲಕವ್ವನನ್ನು ನಾನೂ ಬರೆದಿದ್ದೆ, ನನ್ನಲ್ಲೇ ಕಲಿತ ಭರಮಣ್ಣನೂ ಬರೆದಿದ್ದ. ಅವನದು ಎದುರು ಗೋಡೆಗೆ, ನನ್ನದು ಬಾಗಿಲ ಮೂಲೆಗೆ. ಸಂಸಾರ ಮಾಡಿದ ನನಗೆ ಸಿಗದ ಅವಳ ನಗೆ ಅವನ ಕುಂಚಕ್ಕೆ ಸಿಕ್ಕಿತ್ತು. ನನ್ನ ಹೊಟ್ಟೆ ಉರಿಯಿತು. ಉದ್ಘಾಟನೆಯ ದಿನವೇ ಕಣ್ಣು ಬರೆಯುವುದು ನಮ್ಮ ಪದ್ಧತಿ. ಅವನು ಕಣ್ಣಿನ ಜಾಗ ಖಾಲಿ ಬಿಟ್ಟು ಕಾದಿದ್ದ. ನಾನು ತಡೆಯಲಾರದೆ ಮೊದಲೇ ಬರೆದುಬಿಟ್ಟಿದ್ದೆ.

ಆ ಮಧ್ಯಾಹ್ನದ ಉರಿಬಿಸಿಲಲ್ಲೂ ಅವನ ಚಿತ್ರದ ಮುಂದಿನ ನೆಲ ಕಾಲಿಗೆ ತಣ್ಣಗೆ ಹತ್ತಿತು. ಅವಳ ತಲೆಯೆಣ್ಣೆಯ ವಾಸನೆ ಬಂತು. ನನ್ನ ಭ್ರಮೆಯೇನೋ ಅಂದುಕೊಂಡೆ.

ಮರುದಿನ ಮುಂಜಾನೆ ಭರಮಣ್ಣ, "ಮಾಸ್ತರ, ನನ್ನ ಚಿತ್ರಕ್ಕ ಕಣ್ಣ ನೀವ ಬರದ್ರೇನ್ರಿ? ಭಾಳ ಚಲೋ ಬಂದಾವ" ಎಂದ.

"ನಿನ್ನ ಚಿತ್ರಕ್ಕ ನಾ ಯಾಕ ಕೈ ಹಚ್ಚಲೋ?"

ಬಾಗಿಲ ಕಡೆ ತಿರುಗಿದೆ. ನನ್ನ ಚಿತ್ರದಲ್ಲಿ ಕಣ್ಣಿದ್ದಲ್ಲಿ ಬರೀ ಬಿಳಿ ಅರಿವೆ ಇತ್ತು. ಕೆರೆದ ಗುರುತೂ ಇರಲಿಲ್ಲ.